ಹಸ್ತಪ್ರತಿ ವಿಭಾಗಕ್ಕೆ ಡಿಜಿಟಲ್ ಸಂರಕ್ಷಣಾ ವ್ಯವಸ್ಥೆ ತರಬೇಕು, ಎಲ್ಲಿಂದ ಶುರು ಮಾಡೋದು?

ತಾಳೆಗರಿ_ಕಟ್ಟು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ಮತ್ತು ದಾಖಲೆ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ತಾಳೆಗರಿ ಮತ್ತು ಕೋರಿ ಕಾಗದದ ಪ್ರತಿಗಳ ಟಿಫ್ ಚಿತ್ರಗಳು ಇವೆ. ಜಾನಪದ ವಿಭಾಗದವರು ಹಳ್ಳಿ ಹಳ್ಳಿ ತಿರುಗಿ ಮಾಡಿದ ಧ್ವನಿಮುದ್ರಣಗಳ ವೇವ್ ಫೈಲುಗಳಿವೆ. ಸಿಂಡಿಕೇಟ್ ಸಭೆಯ ನಡಾವಳಿಗಳ ಸ್ಕ್ಯಾನ್ ಇದೆ. ಇದರ ಜೊತೆಗೆ ನಮ್ಮ ಪುಸ್ತಕ ಪ್ರಕಟಣಾ ವಿಭಾಗವಾದ ಪ್ರಸಾರಾಂಗದವರು ಕೊಟ್ಟ ಸಿಡಿಗಳ ದೊಡ್ಡ ರಾಶಿ ಬೇರೆ. ಎಲ್ಲವೂ ಬೀರುವಿನೊಳಗಿನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗಳಲ್ಲಿವೆ. ಯಾವ ಡಿಸ್ಕ್‌ನಲ್ಲಿ ಏನಿದೆ ಅನ್ನುವುದು ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ಮಾತ್ರ ಇದೆ. ಹೋದ ವರ್ಷ ಒಂದು ಡಿಸ್ಕ್ ಓದಲಾಗದೆ ಹೋಯಿತು. ಅದರಲ್ಲಿದ್ದ ಕೆಲವು ಕಟ್ಟುಗಳಿಗೆ ಬೇರೆ ಪ್ರತಿ ಸಿಕ್ಕಿಲ್ಲ, ಮೂಲ ಗರಿಗಳು ಈಗ ಬಿಚ್ಚಿದರೆ ಪುಡಿಯಾಗುವ ಸ್ಥಿತಿಯಲ್ಲಿವೆ.

ಈ ಸಲ ಒಂದು ಬಾರಿಯ ಅನುದಾನ ಸಿಗುವ ಹಾಗಿದೆ. ಕಂಪ್ಯೂಟರ್ ವಿಭಾಗದವರು ಸರ್ವರ್‌ನಲ್ಲಿ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ಏರ್ಪಾಡು) ಇದೆ, ಅಷ್ಟು ಸಾಕು ಅನ್ನುತ್ತಾರೆ. ಹಣಕಾಸು ಅಧಿಕಾರಿಗಳು ಗ್ರಂಥಾಲಯದಲ್ಲಿ ಡಿಸ್ಪೇಸ್ ತಂತ್ರಾಂಶ ಇದೆಯಲ್ಲ, ಅದಕ್ಕೇ ಹಾಕಿ, ಇನ್ನೊಂದು ಯಾಕೆ ಅಂತ ಕಡತದಲ್ಲಿ ಬರೆದಿದ್ದಾರೆ. ಒಂದು ಕಂಪನಿಯವರು ಬಂದು ಎಲ್ಲವನ್ನೂ ತಮ್ಮ ಕ್ಲೌಡ್‌ಗೆ ಹಾಕಿಕೊಡುತ್ತೇವೆ ಅಂತ ಪ್ರಾತ್ಯಕ್ಷಿಕೆ ತೋರಿಸಿ ಹೋದರು.

ಹಣಕಾಸು ಅಧಿಕಾರಿಗೆ ಏನು ಉತ್ತರ ಬರೆಯಲಿ? ಯಾವ ವ್ಯವಸ್ಥೆ ತರಲಿ? ವಿಭಾಗದಲ್ಲಿ ನಾನು ಮತ್ತು ಹೊರಗುತ್ತಿಗೆಯ ಒಬ್ಬ ಆಪರೇಟರ್ ಇಬ್ಬರೇ ಇರುವುದು, ಅದನ್ನು ಗಮನದಲ್ಲಿಟ್ಟುಕೊಂಡು ಹೇಳಿ.

---

ಕಡತ_ಕಾವಲು:

ಮೊದಲು ಆ ಎರಡು ಆಕ್ಷೇಪಣೆಗಳಿಗೆ ಉತ್ತರ ಕೊಡೋಣ. ಅವು ಎಲ್ಲ ಕಡೆ ಬರುತ್ತವೆ.

ರೇಡ್ ಇರುವುದು ಒಂದು ಡಿಸ್ಕ್ ಕೆಟ್ಟರೂ ಸರ್ವರ್ ನಿಲ್ಲದಿರಲಿ ಅಂತ. ಯಾರೋ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ರೇಡ್‌ನ ಎಲ್ಲ ಡಿಸ್ಕ್‌ಗಳಿಂದಲೂ ಅದು ಹೋಗುತ್ತದೆ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಕುತಂತ್ರಾಂಶ) ಬಂದರೂ ಅಷ್ಟೇ. ಕೋಣೆಗೆ ನೀರು ನುಗ್ಗಿದರೂ ಅಷ್ಟೇ. ಬ್ರಿಟಿಷ್ ಲೈಬ್ರರಿಗೆ 2023ರ ಅಕ್ಟೋಬರ್‌ನಲ್ಲಿ ರ‍್ಯಾನ್ಸಮ್‌ವೇರ್ ದಾಳಿ ಆಯಿತು. ಅಷ್ಟು ದೊಡ್ಡ ಸಂಸ್ಥೆಯ ಆನ್‌ಲೈನ್ ಸೇವೆಗಳು ತಿಂಗಳುಗಟ್ಟಲೆ ಸರಿಯಾಗಿ ನಡೆಯಲಿಲ್ಲ. 2024ರ ಮಾರ್ಚ್‌ನಲ್ಲಿ ಅವರೇ ಒಂದು ವರದಿ ಹೊರತಂದು ಏನೇನು ಆಯಿತು, ಏನು ಕಲಿತೆವು ಅಂತ ಬರೆದಿದ್ದಾರೆ. ಅದನ್ನು ಪ್ರಿಂಟ್ ತೆಗೆದು ಕಡತಕ್ಕೆ ಲಗತ್ತಿಸಿ. ನಾವು ಹತ್ತು ಪುಟ ಬರೆದರೂ ಆಗದ ಕೆಲಸ ಅದರಿಂದ ಆಗುತ್ತದೆ.

ಡಿಸ್ಪೇಸ್ ವಿಷಯ. ಎಂಐಟಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ಹೊರತಂದ ಒಳ್ಳೆಯ ತಂತ್ರಾಂಶ ಅದು, ಅದರ ಬಗ್ಗೆ ನನಗೆ ತಕರಾರಿಲ್ಲ. ಅದರಲ್ಲೂ ಚೆಕ್‌ಸಮ್ (ಫೈಲು ಬದಲಾಗಿಲ್ಲ ಅಂತ ತಾಳೆ ನೋಡಲು ಅದರಿಂದ ಲೆಕ್ಕಹಾಕಿ ತೆಗೆದ ಗುರುತು) ಪರೀಕ್ಷೆ ಇದೆ. ಆದರೆ ಅದರ ಮುಖ್ಯ ಕೆಲಸ ಓದುಗರಿಗೆ ತೋರಿಸುವುದು. ಈ ಫೈಲು ಯಾವ ಫಾರ್ಮ್ಯಾಟ್‌ನ ಯಾವ ಆವೃತ್ತಿ, ಬಂದಾಗ ಹೇಗಿತ್ತು, ಆಮೇಲೆ ಅದಕ್ಕೆ ಏನೇನು ಮಾಡಿದರು, ಯಾರು ಮಾಡಿದರು, ನಾಳೆ ಆ ಫಾರ್ಮ್ಯಾಟ್ ತೆರೆಯುವ ತಂತ್ರಾಂಶವೇ ಇಲ್ಲವಾದರೆ ಏನು ದಾರಿ ಅನ್ನುವುದನ್ನೆಲ್ಲ ಫೈಲಿನ ಜೊತೆಯಲ್ಲೇ ಕಟ್ಟಿ ಇಡುವುದು ಸಂರಕ್ಷಣಾ ವ್ಯವಸ್ಥೆಯ ಕೆಲಸ. ಓಎಐಎಸ್ ಅನ್ನುವ ಮಾದರಿ ಹೇಳುವುದು ಇದನ್ನೇ, 2003ರಲ್ಲಿ ಅದು ಐಎಸ್‌ಓ 14721 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಆಯಿತು. ದಾನಿ ಕೊಟ್ಟದ್ದು ಒಂದು ಪೊಟ್ಟಣ, ನಾವು ಕಾಯುವುದು ಒಂದು ಪೊಟ್ಟಣ, ಓದುಗರಿಗೆ ಕೊಡುವುದು ಇನ್ನೊಂದು. ಡಿಸ್ಪೇಸ್ ಈ ಮೂರನೆಯದಕ್ಕೆ ಸರಿ. ನಿಮ್ಮ ದೊಡ್ಡ ಗಾತ್ರದ ಟಿಫ್ ಅದರಲ್ಲಿ ಇರಬೇಕಾಗಿಲ್ಲ, ಅದರಿಂದ ತೆಗೆದ ಚಿಕ್ಕ ಪಿಡಿಎಫ್ ಇದ್ದರೆ ಸಾಕು.

ನಮ್ಮ ದೇಶದ ಉದಾಹರಣೆಯೇ ಬೇಕು ಅಂದರೆ, ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನವರು ಡಿಜಿಟಾಲಯ ಅನ್ನುವ ವ್ಯವಸ್ಥೆ ಮಾಡಿದ್ದಾರೆ. ಅದನ್ನು ಬಳಸಿದ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದ ದೃಶ್ಯ-ಶ್ರವ್ಯ ದಾಖಲಾಗಾರಕ್ಕೆ 2017ರಲ್ಲಿ ಐಎಸ್‌ಓ 16363 (ನಂಬಿಕಸ್ಥ ಡಿಜಿಟಲ್ ದಾಖಲಾಗಾರದ ಮಾನದಂಡ) ಪ್ರಮಾಣಪತ್ರ ಸಿಕ್ಕಿತು. ಆ ಪ್ರಮಾಣಪತ್ರ ಪಡೆದವರಲ್ಲಿ ಜಗತ್ತಿನಲ್ಲೇ ಮೊದಲಿಗರು ಅವರು. ಹಾಗಾಗಿ ಇದು ಹೊರದೇಶದವರ ಶೋಕಿ ಅನ್ನುವ ಮಾತಿಗೆ ಜಾಗ ಇಲ್ಲ.

ಇನ್ನು ಯಾವ ವ್ಯವಸ್ಥೆ ಅನ್ನುವುದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ನಿಮ್ಮ ಹತ್ತಿರ ಏನಿದೆ ಅನ್ನುವ ಪಟ್ಟಿಯೇ ಇಲ್ಲ ಅಲ್ವಾ? ಪಟ್ಟಿ ಇಲ್ಲದೆ ಯಾವ ಕಂಪನಿ ಬಂದರೂ ಅವರು ಹೇಳಿದ ಗಾತ್ರ, ಅವರು ಹೇಳಿದ ದರ. ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನವರ ಡ್ರಾಯ್ಡ್ ಅನ್ನುವ ಉಚಿತ ತಂತ್ರಾಂಶ ಇದೆ. ಒಂದೊಂದೇ ಡಿಸ್ಕ್ ಅದಕ್ಕೆ ತೋರಿಸಿ. ಪ್ರತಿ ಫೈಲಿನ ಗಾತ್ರ, ತಾರೀಕು, ನಿಜವಾದ ಫಾರ್ಮ್ಯಾಟ್ ಯಾವುದು ಅಂತ ಪಟ್ಟಿ ಮಾಡಿಕೊಡುತ್ತದೆ. ಚೆಕ್‌ಸಮ್ ಕೂಡ ಅದೇ ತೆಗೆಯುತ್ತದೆ, ಎಸ್‌ಎಚ್‌ಎ-256 ಆಯ್ಕೆ ಮಾಡಿ. ದೊಡ್ಡ ಡಿಸ್ಕ್ ಆದರೆ ರಾತ್ರಿಯಿಡೀ ಓಡಲಿ. ಆ ಪಟ್ಟಿಯೇ ನಿಮ್ಮ ಮೊದಲ ಆಸ್ತಿ. ಆದರೆ ಡಿಸ್ಕ್ ಜೋಡಿಸುವ ಮೊದಲು ರೈಟ್ ಬ್ಲಾಕರ್ (ಡಿಸ್ಕ್ ಮೇಲೆ ಏನೂ ಬರೆಯದ ಹಾಗೆ ತಡೆಯುವ ಸಾಧನ) ಹಾಕಿ. ಅದಿಲ್ಲದಿದ್ದರೆ ಓದಲು ಮಾತ್ರ ಅನ್ನುವ ಹಾಗೆ ಮೌಂಟ್ ಮಾಡಿ. ವಿಂಡೋಸ್ ಸುಮ್ನೆ ಜೋಡಿಸಿದರೂ ಡಿಸ್ಕ್ ಮೇಲೆ ಏನಾದರೂ ಬರೆದುಬಿಡುತ್ತದೆ.

---

ಲಿನಕ್ಸ್_ಮಲೆನಾಡು:

ಮೇಲಿನವರ ಮಾತಿಗೆ ನನ್ನದೂ ಒಪ್ಪಿಗೆ. ಆದರೂ ನೀವು ವ್ಯವಸ್ಥೆಯ ಹೆಸರು ಕೇಳಿದ್ದೀರಿ, ನಾನು ದಿನಾ ನೋಡುವುದು ಆರ್ಕೈವ್‌ಮ್ಯಾಟಿಕಾ, ಅದರ ಬಗ್ಗೆ ಹೇಳುತ್ತೇನೆ.

ಕೆನಡಾದ ಆರ್ಟಿಫ್ಯಾಕ್ಚುವಲ್ ಸಿಸ್ಟಮ್ಸ್‌ನವರು ಮಾಡಿದ ಮುಕ್ತ ತಂತ್ರಾಂಶ ಅದು. ಲೈಸೆನ್ಸ್ ಹಣ ಇಲ್ಲ. ಫೋಲ್ಡರ್ ಕೊಟ್ಟರೆ ವೈರಸ್ ನೋಡುತ್ತದೆ, ಫಾರ್ಮ್ಯಾಟ್ ಗುರುತಿಸುತ್ತದೆ, ಚೆಕ್‌ಸಮ್ ತೆಗೆಯುತ್ತದೆ, ಬೇಕಾದರೆ ಬೇರೆ ಫಾರ್ಮ್ಯಾಟ್‌ಗೆ ಬದಲಾಯಿಸಿ ಮೂಲವನ್ನೂ ಉಳಿಸಿಕೊಳ್ಳುತ್ತದೆ. ಇಷ್ಟನ್ನೂ ಒಂದು ಮೆಟ್ಸ್ ಕಡತದಲ್ಲಿ (ವಿವರ ಬರೆದಿಡುವ ಒಂದು ಮಾದರಿ) ಬರೆದು, ಬ್ಯಾಗಿಟ್ (ಫೈಲು ಮತ್ತು ಚೆಕ್‌ಸಮ್ ಪಟ್ಟಿಯನ್ನು ಒಂದೇ ಫೋಲ್ಡರ್‌ನಲ್ಲಿ ಇಡುವ ಪದ್ಧತಿ) ಪ್ರಕಾರ ಕಟ್ಟಿ ಇಡುತ್ತದೆ. ನನಗೆ ಇಷ್ಟವಾದದ್ದು ಆ ಕೊನೆಯ ಮಾತು. ನಾಳೆ ಆರ್ಕೈವ್‌ಮ್ಯಾಟಿಕಾ ಇಲ್ಲದಿದ್ದರೂ ಆ ಪೊಟ್ಟಣ ಸಾಮಾನ್ಯ ಫೋಲ್ಡರ್ ಹಾಗೆ ತೆರೆಯುತ್ತದೆ.

ಕನ್ನಡದ ದಾಖಲೆ ಇರುವವರು ಒಂದು ವಿಷಯ ಮೊದಲೇ ತಿಳಿದಿರಬೇಕು. ಫೈಲಿನ ಹೆಸರು ಕನ್ನಡದಲ್ಲಿದ್ದರೆ ಅದು ಒಳಗೆ ತೆಗೆದುಕೊಳ್ಳುವಾಗ ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸುತ್ತದೆ. ಹಳೆಯ ಹೆಸರು ಮೆಟ್ಸ್‌ನಲ್ಲಿ ಉಳಿಯುತ್ತದೆ, ಕಳೆಯುವುದಿಲ್ಲ. ಆದರೆ ಹುಡುಕುವಾಗ ಕಾಣುವ ಹೆಸರು ಓದಲಾಗದ ಹಾಗಿರುತ್ತದೆ. ಇನ್ನೊಂದು, ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ. ಯುನಿಕೋಡ್‌ನ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ‘ಕ್ಷೇ’ ಅನ್ನುವ ಒಂದೇ ಅಕ್ಷರಕ್ಕೆ 12 ಬೈಟ್ ಹೋಗುತ್ತದೆ. ಗಾಯಕರ ಹೆಸರು, ಊರು, ತಾಲ್ಲೂಕು, ಹಾಡಿನ ಮೊದಲ ಸಾಲು ಎಲ್ಲ ಸೇರಿಸಿ ಉದ್ದದ ಹೆಸರು ಕೊಟ್ಟಿದ್ದರೆ ವಿಂಡೋಸ್‌ನಲ್ಲಿ ಚೆನ್ನಾಗಿ ಕುಳಿತ ಫೈಲು ಲಿನಕ್ಸ್‌ಗೆ ನಕಲೇ ಆಗುವುದಿಲ್ಲ. ಹಾಗಾಗಿ ಫೈಲಿಗೆ ಚಿಕ್ಕ ಸಂಖ್ಯೆ ಕೊಡಿ, ಕನ್ನಡದ ವಿವರ ಎಲ್ಲ ಮೆಟಾಡೇಟಾದ (ಫೈಲಿನ ಬಗೆಗಿನ ವಿವರಗಳ) ಸಿಎಸ್‌ವಿ ಕಡತಕ್ಕೆ ಹಾಕಿ. ಆ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಉಳಿಸುವಾಗ ಯುಟಿಎಫ್-8 ಅಂತ ಇರುವುದನ್ನೇ ಆರಿಸಿ. ಸಾಮಾನ್ಯ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಬಿಡುತ್ತದೆ.

ಪೊಟ್ಟಣವನ್ನು ಕುಗ್ಗಿಸಬೇಡಿ, ಆ ಆಯ್ಕೆ ಸೆಟ್ಟಿಂಗ್‌ನಲ್ಲಿದೆ. ಟಿಫ್, ವೇವ್ ಈಗಾಗಲೇ ಒಳ್ಳೆಯ ಫಾರ್ಮ್ಯಾಟ್‌ಗಳು, ಬದಲಾಯಿಸುವ ಹಂತವೂ ಅವಕ್ಕೆ ಬೇಡ. ಸಮಯ ಉಳಿಯುತ್ತದೆ.

ಜಾಗದ ಲೆಕ್ಕ: ಎ4 ಪುಟವನ್ನು 400 ಡಿಪಿಐನಲ್ಲಿ ಬಣ್ಣದಲ್ಲಿ ಕುಗ್ಗಿಸದೆ ತೆಗೆದರೆ ಸುಮಾರು 46 ಎಂಬಿ. ಒಂದು ಲಕ್ಷ ಪುಟಕ್ಕೆ 4.6 ಟಿಬಿ. ಧ್ವನಿ 96 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಆದರೆ ಗಂಟೆಗೆ ಸುಮಾರು 2 ಜಿಬಿ, ಅಂದರೆ 90 ನಿಮಿಷದ ಒಂದು ಕ್ಯಾಸೆಟ್‌ಗೆ 3 ಜಿಬಿ. ಇದನ್ನು ಮೂರರಿಂದ ಗುಣಿಸಿ, ಯಾಕೆಂದರೆ ಮೂರು ಪ್ರತಿ ಬೇಕು. ಒಂದು ಸರ್ವರ್‌ನಲ್ಲಿ, ಒಂದು ಬೇರೆ ಊರಲ್ಲಿ, ಒಂದು ನೆಟ್‌ವರ್ಕ್‌ಗೆ ಅಂಟದ ಹಾಗೆ. ಮೂರನೆಯದಕ್ಕೆ ಎಲ್‌ಟಿಒ (ಬ್ಯಾಕಪ್‌ಗೆ ಬಳಸುವ ಮ್ಯಾಗ್ನೆಟಿಕ್) ಟೇಪ್ ಒಳ್ಳೆಯದು. ಟೇಪ್ ಅಗ್ಗ, ಡ್ರೈವ್‌ಗೆ ಮಾತ್ರ ಲಕ್ಷಗಳ ಲೆಕ್ಕ. ಎಲ್‌ಟಿಒ-9 ಡ್ರೈವ್ ಹಿಂದಿನ ಒಂದೇ ತಲೆಮಾರಿನ ಟೇಪ್ ಓದುತ್ತದೆ, ಅಂದರೆ 8ನ್ನು ಮಾತ್ರ. ಇದು ಗೊತ್ತಿಲ್ಲದೆ ಟೇಪ್ ಬೀರುವಿಗೆ ಸೇರಿಸಿದರೆ ಮತ್ತೆ ಹಾರ್ಡ್ ಡಿಸ್ಕ್ ಕಥೆಯೇ.

---

ಒಬ್ಬರೇ_ಆರ್ಕೈವಿಸ್ಟ್:

ಮಲೆನಾಡು ಅವರೇ, ನಿಮ್ಮ ಹತ್ತಿರ ಲಿನಕ್ಸ್ ಗೊತ್ತಿರುವವರು ಇದ್ದಾರೆ. ಕೇಳಿದವರ ಹತ್ತಿರ ಒಬ್ಬ ಹೊರಗುತ್ತಿಗೆ ಆಪರೇಟರ್ ಇದ್ದಾರೆ. ಆರ್ಕೈವ್‌ಮ್ಯಾಟಿಕಾ ಹಾಕುವುದು ಒಂದು ಕೆಲಸ, ಪ್ರತಿ ಹೊಸ ಆವೃತ್ತಿಗೆ ಏರಿಸುವುದು ಅದಕ್ಕಿಂತ ದೊಡ್ಡ ಕೆಲಸ. ಇಬ್ಬರೇ ಇರುವ ಕಡೆ ಅದನ್ನು ಮೊದಲ ವರ್ಷವೇ ಹೇರುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ನಾನು ಒಬ್ಬಳೇ ನೋಡಿಕೊಳ್ಳುವ ಸಂಗ್ರಹದಲ್ಲಿ ಮಾಡುತ್ತಿರುವುದು ಇಷ್ಟೇ. ಡ್ರಾಯ್ಡ್ ಪಟ್ಟಿ. ಆಮೇಲೆ ಒಂದೊಂದು ಸಂಗ್ರಹವನ್ನೂ ಬ್ಯಾಗಿಟ್ ಪ್ರಕಾರ ಕಟ್ಟುವುದು. ಇದಕ್ಕೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರ ಬ್ಯಾಗರ್ ಇದೆ, ಮೌಸ್‌ನಲ್ಲೇ ಆಗುತ್ತದೆ. ಮೂರು ಪ್ರತಿ. ವರ್ಷಕ್ಕೊಮ್ಮೆ ಎಲ್ಲ ಪ್ರತಿಗಳ ಚೆಕ್‌ಸಮ್ ತಾಳೆ ನೋಡಿ ರಿಜಿಸ್ಟರ್‌ನಲ್ಲಿ ಸಹಿ. ಅಮೆರಿಕದ ಡಿಜಿಟಲ್ ಸಂರಕ್ಷಣಾ ಒಕ್ಕೂಟ ಎನ್‌ಡಿಎಸ್‌ಎಯವರ ಸಂರಕ್ಷಣೆಯ ಹಂತಗಳು ಅನ್ನುವ ಒಂದು ಪುಟದ ಕೋಷ್ಟಕ ಇದೆ, 2013ರಲ್ಲಿ ಬಂದದ್ದು, 2019ರಲ್ಲಿ ಪರಿಷ್ಕರಿಸಿದ್ದಾರೆ. ನಾಲ್ಕು ಹಂತ. ಮೊದಲ ಹಂತ ಕೇಳುವುದು ಬೇರೆ ಬೇರೆ ಜಾಗದಲ್ಲಿ ಎರಡು ಪೂರ್ಣ ಪ್ರತಿ. ಕೇಳಿದವರ ವಿಭಾಗ ಇವತ್ತು ಆ ಮೊದಲ ಹಂತಕ್ಕೂ ಬಂದಿಲ್ಲ. ಅನುದಾನದ ಮೊದಲ ಕಂತು ಅದಕ್ಕೇ ಹೋಗಲಿ.

ಬ್ಯಾಗಿಟ್‌ನಲ್ಲಿ ಕಟ್ಟಿಟ್ಟರೆ ಮುಂದೆ ಆರ್ಕೈವ್‌ಮ್ಯಾಟಿಕಾ ಬಂದರೂ, ಡಿಜಿಟಾಲಯ ಬಂದರೂ, ಕಂಪನಿ ವ್ಯವಸ್ಥೆ ಬಂದರೂ ಹಾಗೇ ಎತ್ತಿ ಕೊಡಬಹುದು. ಮಾಡಿದ ಕೆಲಸ ವ್ಯರ್ಥ ಆಗಲ್ಲ.

---

ಲಿನಕ್ಸ್_ಮಲೆನಾಡು:

ಮೇಡಂ, ನ್ಯಾಯವಾದ ಮಾತು. ಒಂದೇ ತಿದ್ದುಪಡಿ. ಹಳೆಯ ಪಿಸಿಯಲ್ಲಿ ಪರೀಕ್ಷೆಗೆ ಒಂದು ಆರ್ಕೈವ್‌ಮ್ಯಾಟಿಕಾ ಹಾಕಿ, ಒಂದು ಚಿಕ್ಕ ಸಂಗ್ರಹ ಓಡಿಸಿ ನೋಡಲಿ. ಟೆಂಡರ್ ಬರೆಯುವಾಗ ಏನು ಕೇಳಬೇಕು ಅನ್ನುವುದು ಅದರಿಂದ ತಿಳಿಯುತ್ತದೆ. ಕಂಪನಿಯವರ ಪ್ರಾತ್ಯಕ್ಷಿಕೆಯಲ್ಲಿ ಎಲ್ಲವೂ ಇಂಗ್ಲಿಷ್ ಹೆಸರಿನ ಫೈಲುಗಳೇ ಇರುತ್ತವೆ. ನಿಮ್ಮ ಕೆಟ್ಟ ಫೈಲು, ಉದ್ದ ಹೆಸರಿನ ಫೈಲು ಅವರಿಗೆ ಕೊಟ್ಟು ಎದುರಿಗೇ ಓಡಿಸಿ ಅನ್ನಿ.

---

ತಾಳೆಗರಿ_ಕಟ್ಟು:

ಎಲ್ಲರಿಗೂ ತುಂಬಾ ಧನ್ಯವಾದ. ಒಂದು ಡಿಸ್ಕ್ ಮೇಲೆ ಡ್ರಾಯ್ಡ್ ಓಡಿಸಿದೆ. ಈಗ ಹೊಸ ತಲೆನೋವು. ಪ್ರಸಾರಾಂಗದ ಫೈಲುಗಳನ್ನು ಅದು ವರ್ಡ್ ಅಂತಲೂ ಪೇಜ್‌ಮೇಕರ್ (ಹಳೆಯ ಪುಟವಿನ್ಯಾಸ ತಂತ್ರಾಂಶ) ಅಂತಲೂ ಸರಿಯಾಗಿಯೇ ಗುರುತಿಸಿದೆ. ಆದರೆ ವರ್ಡ್ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆ ಮೇಲೆ ಗೀಟಿರುವ ಎ. ನುಡಿ ತಂತ್ರಾಂಶ ಹಾಕಿದ ಮೇಲೆ ಕೆಲವು ಓದಲು ಬಂದವು, ಕೆಲವು ಬರಲಿಲ್ಲ. ಇವುಗಳಲ್ಲಿ ಮರುಮುದ್ರಣ ಆಗದ ಶಾಸನ ಸಂಪುಟಗಳೂ, ಗ್ರಂಥ ಸಂಪಾದನೆಯ ಕೆಲಸವೂ ಇವೆ. ಯುನಿಕೋಡ್‌ಗೆ ಬದಲಾಯಿಸಿ ಹಳೆಯದನ್ನು ತೆಗೆದುಬಿಡಲೇ?

---

ಅಚ್ಚುಮೊಳೆ:

ತೆಗೆಯಬೇಡಿ! ದಯವಿಟ್ಟು ಹಳೆಯ ಫೈಲ್ ಒಂದನ್ನೂ ಅಳಿಸಬೇಡಿ.

ನಾನು ಬಹಳ ವರ್ಷ ಡಿಟಿಪಿ ಮಾಡಿದವನು. ನುಡಿ, ಬರಹ, ಶ್ರೀಲಿಪಿ, ಪ್ರಕಾಶಕ್, ಆಕೃತಿ ಎಲ್ಲದರಲ್ಲೂ ಕೆಲಸ ಮಾಡಿದ್ದೇನೆ. ಆ ಕಾಲದ ಫೈಲಿನಲ್ಲಿ ಕನ್ನಡ ಅಕ್ಷರವೇ ಇಲ್ಲ. ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್ ಇದೆ, ಅಷ್ಟೇ. ಫಾಂಟ್ ಹೋದರೆ ಪಠ್ಯ ಹೋಯಿತು. ಯಾವ ಫಾರ್ಮ್ಯಾಟ್ ಗುರುತಿಸುವ ತಂತ್ರಾಂಶಕ್ಕೂ ಇದು ಕಾಣಿಸುವುದಿಲ್ಲ, ಅದಕ್ಕೆ ಅದು ಶುದ್ಧ ವರ್ಡ್ ಫೈಲು. ಕನ್ನಡದ ದಾಖಲಾಗಾರಕ್ಕೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ, ಯಾಕೆಂದರೆ ಚೆಕ್‌ಸಮ್ ಎಲ್ಲ ಸರಿಯಾಗಿದ್ದು, ಮೂರೂ ಪ್ರತಿ ಗಟ್ಟಿಯಾಗಿದ್ದು, ಒಳಗಿರುವುದನ್ನು ಮಾತ್ರ ಯಾರೂ ಓದಲಾಗದ ಸ್ಥಿತಿ ಬರಬಹುದು.

ಪರಿವರ್ತಕಗಳಿವೆ, ಒಳ್ಳೆಯವೂ ಇವೆ. ಆದರೆ ಎರಡು ಕಡೆ ಎಡವುತ್ತವೆ. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ವ್ಯಂಜನದ ನಂತರ ಇರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದೆ ತಂದು ಕೂರಿಸಬೇಕು. ಒತ್ತಕ್ಷರದ ಮೇಲೆ ಒತ್ತಕ್ಷರ ಬಂದ ಕಡೆ, ಹಳಗನ್ನಡದ ಱ, ೞ ಬಂದ ಕಡೆ ನೀವೇ ಕಣ್ಣಿಟ್ಟು ನೋಡಬೇಕು. ಎರಡನೆಯದು ನಡುವೆ ಇರುವ ಇಂಗ್ಲಿಷ್ ಪದ. ಬರೀ ಪಠ್ಯ ಹಾಕಿದರೆ ಅದಕ್ಕೂ ಕನ್ನಡ ವೇಷ ಹಾಕಿಬಿಡುತ್ತದೆ. ಶಾಸನ ಸಂಪುಟದ ಅಡಿಟಿಪ್ಪಣಿ ತುಂಬ ಇಂಗ್ಲಿಷ್ ಸಂಕ್ಷೇಪಗಳೇ ಅಲ್ವಾ, ಅಲ್ಲೆಲ್ಲ ಗಲೀಜು ಆಗುತ್ತದೆ. ಫಾಂಟ್ ಹೆಸರು ನೋಡಿಕೊಂಡು ಆಯಾ ತುಂಡನ್ನು ಮಾತ್ರ ಬದಲಾಯಿಸುವ ಪರಿವರ್ತಕ ಬಳಸಿ. ಶ್ರೀಲಿಪಿ, ಪ್ರಕಾಶಕ್‌ಗಳ ಸಂಕೇತಗಳು ನುಡಿಯವಲ್ಲ, ನುಡಿ ಹಾಕಿದರೂ ಓದಲು ಬಾರದ ನಿಮ್ಮ ಫೈಲುಗಳು ಬಹುಶಃ ಅವೇ.

ನಾನಾದರೆ ಒಂದೊಂದು ಪುಸ್ತಕಕ್ಕೂ ನಾಲ್ಕು ವಸ್ತು ಒಂದೇ ಪೊಟ್ಟಣದಲ್ಲಿ ಇಡುತ್ತೇನೆ: ಮೂಲ ಫೈಲು ಹಾಗೇ, ಅದಕ್ಕೆ ಬಳಸಿದ ಫಾಂಟ್ ಫೈಲುಗಳು, ಫಾಂಟ್ ಒಳಗೇ ಸೇರಿಸಿದ ಪಿಡಿಎಫ್/ಎ (ದೀರ್ಘಕಾಲ ಉಳಿಸಲೆಂದೇ ಮಾಡಿದ ಪಿಡಿಎಫ್), ಯುನಿಕೋಡ್ ಪಠ್ಯ. ಪಿಡಿಎಫ್ ಪುಟದ ನೋಟವನ್ನು ಉಳಿಸುತ್ತದೆ, ಹುಡುಕಾಟಕ್ಕೆ ಯುನಿಕೋಡ್ ಬೇಕು. ಯಾವ ಪರಿವರ್ತಕ, ಯಾವ ಆವೃತ್ತಿ, ಯಾರು ಕರಡು ನೋಡಿದರು ಅನ್ನುವುದನ್ನು ಒಂದು ಸಣ್ಣ ಪಠ್ಯ ಕಡತದಲ್ಲಿ ಬರೆದು ಅದೇ ಪೊಟ್ಟಣಕ್ಕೆ ಸೇರಿಸಿ.

ಪೇಜ್‌ಮೇಕರ್‌ಗೆ ಆತುರ ಮಾಡಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನಲ್ಲಿ ಸಿಎಸ್6ರವರೆಗೆ ಮಾತ್ರ ಪೇಜ್‌ಮೇಕರ್ 6 ಮತ್ತು 7ರ ಫೈಲುಗಳು ತೆರೆಯುತ್ತಿದ್ದವು, ಆಮೇಲಿನವು ತೆರೆಯಲ್ಲ. ಪ್ರಸಾರಾಂಗದಲ್ಲಿ ಪೇಜ್‌ಮೇಕರ್ ಇರುವ ಹಳೆಯ ಕಂಪ್ಯೂಟರ್ ಇನ್ನೂ ಇದ್ದರೆ ಗುಜರಿಗೆ ಹೋಗುವ ಮೊದಲು ಅದನ್ನು ನಿಮ್ಮ ವಿಭಾಗಕ್ಕೆ ಬರೆಸಿಕೊಳ್ಳಿ. ಅದರ ಫಾಂಟ್ ಫೋಲ್ಡರ್ ಚಿನ್ನ. ಸಿಡಿಗಳನ್ನು ಬರೀ ಕಾಪಿ ಮಾಡುವ ಬದಲು ಇಡೀ ಸಿಡಿಯ ತದ್ರೂಪಾದ ಡಿಸ್ಕ್ ಇಮೇಜ್ ತೆಗೆಯಿರಿ. ಗೀರು ಬಿದ್ದವಕ್ಕೆ ಡಿಡಿ-ರೆಸ್ಕ್ಯೂ ತಂತ್ರಾಂಶ ಬಳಸಿ, ಓದಲು ಬಂದಷ್ಟನ್ನು ಮೊದಲು ತೆಗೆದು ಉಳಿದದ್ದಕ್ಕೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

---

ನಿವೃತ್ತ_ಸಹಾಯಕ_ಕುಲಸಚಿವ:

ತಂತ್ರಜ್ಞಾನ ನನಗೆ ಅಷ್ಟಾಗಿ ಗೊತ್ತಿಲ್ಲ, ಕಡತ ಗೊತ್ತು. ಹಣದ ಬಗ್ಗೆ ಬರೆಯುತ್ತೇನೆ.

ಒಂದು ಬಾರಿಯ ಅನುದಾನದಲ್ಲಿ ವ್ಯವಸ್ಥೆ ಕೊಂಡರೆ ಎರಡನೆಯ ವರ್ಷದ ಶುಲ್ಕ ಯಾರು ಕೊಡುತ್ತಾರೆ? ಪ್ರಸ್ತಾವನೆಯಲ್ಲಿ ಇದನ್ನು ಯಂತ್ರೋಪಕರಣ ಅಂತ ಮಾತ್ರ ತೋರಿಸಬೇಡಿ. ವಾರ್ಷಿಕ ಬಜೆಟ್‌ನಲ್ಲಿ ನಿರ್ವಹಣೆಗೆ ಅಂತ ಪ್ರತ್ಯೇಕ ಲೆಕ್ಕಶೀರ್ಷಿಕೆ ಕೇಳಿ, ಸಿಂಡಿಕೇಟ್ ನಿರ್ಣಯದಲ್ಲಿ ಅದು ದಾಖಲಾಗಲಿ. ಕುಲಪತಿಗಳು ಬದಲಾದರೂ ನಿರ್ಣಯ ಉಳಿಯುತ್ತದೆ.

ಖರೀದಿ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರವೇ ಆಗಬೇಕಾಗುತ್ತದೆ, ಹಾಗಾಗಿ ಟೆಂಡರ್ ದಾಖಲೆಯಲ್ಲಿ ಬರೆಯದ ಷರತ್ತನ್ನು ಆಮೇಲೆ ಕೇಳಲು ಆಗುವುದಿಲ್ಲ. ಹೊರಬರುವ ಷರತ್ತು ಮೊದಲೇ ಬರೆಯಿರಿ. ಒಪ್ಪಂದ ಮುಗಿದ ದಿನ ಎಲ್ಲ ಮೂಲ ಫೈಲು, ಎಲ್ಲ ವಿವರ, ಎಲ್ಲ ಚೆಕ್‌ಸಮ್ ಮುಕ್ತ ಮಾದರಿಯಲ್ಲಿ ಹೆಚ್ಚುವರಿ ಶುಲ್ಕವಿಲ್ಲದೆ ವಾಪಸ್ ಕೊಡಬೇಕು. ಕ್ಲೌಡ್‌ಗೆ ಹಾಕುವುದು ಅಗ್ಗ, ಹೊರಗೆ ತರುವಾಗ ಜಿಬಿ ಲೆಕ್ಕದಲ್ಲಿ ದುಡ್ಡು ಕೇಳುವವರಿದ್ದಾರೆ. ಇದನ್ನು ಕಾಗದದಲ್ಲಿ ಮಾತ್ರ ಬಿಡಬೇಡಿ. ಕೊನೆಯ ಕಂತು ಕೊಡುವ ಮೊದಲು ಒಂದು ಪೂರ್ಣ ಸಂಗ್ರಹವನ್ನು ಹೊರತೆಗೆಸಿ, ಚೆಕ್‌ಸಮ್ ತಾಳೆ ನೋಡಿ, ಆಮೇಲೆ ಬಿಲ್ ಪಾಸು ಮಾಡಿ.

ಇನ್ನು ಆ ಆಪರೇಟರ್. ಇಡೀ ಕೆಲಸ ಅವರೊಬ್ಬರ ತಲೆಯಲ್ಲಿದ್ದು, ಅವರ ಏಜೆನ್ಸಿ ಬದಲಾದರೆ ಮುಗಿಯಿತು. ಅವರಿಗೆ ತರಬೇತಿ ಕೊಡಿಸಿ, ಜೊತೆಗೆ ಕನ್ನಡದಲ್ಲೇ ಒಂದು ಕೈಪಿಡಿ ಬರೆಸಿ. ಕಾಯಂ ನೌಕರರೊಬ್ಬರ ಕರ್ತವ್ಯಪಟ್ಟಿಯಲ್ಲಿ ಈ ಕೆಲಸ ಹೆಸರಿಸಿ ಸೇರಿಸಿ.

---

ತಾಳೆಗರಿ_ಕಟ್ಟು:

ಸರ್, ಹೊರತೆಗೆದು ನೋಡುವ ಷರತ್ತು ನನಗೆ ಹೊಳೆದೇ ಇರಲಿಲ್ಲ. ಪ್ರಸ್ತಾವನೆ ಮೂರು ಭಾಗ ಮಾಡುತ್ತಿದ್ದೇನೆ. ಮೊದಲು ಪಟ್ಟಿ, ಚೆಕ್‌ಸಮ್ ಮತ್ತು ಎರಡು ಪ್ರತಿ. ಜೊತೆಗೇ ಪೇಜ್‌ಮೇಕರ್ ಮತ್ತು ಸಿಡಿ. ವ್ಯವಸ್ಥೆಯ ಟೆಂಡರ್ ಆಮೇಲೆ.

ಕೊನೆಯ ಒಂದು ಪ್ರಶ್ನೆ. ಜಾನಪದ ವಿಭಾಗದ ಕ್ಯಾಸೆಟ್‌ಗಳಲ್ಲಿ ನೀಲಗಾರರು, ದೇವರಗುಡ್ಡರು, ಚೌಡಿಕೆ ಹಾಡುವ ಜೋಗತಿಯರು ಹಾಡಿದ್ದಿದೆ. ಕೆಲವು ಪೂಜೆಯ ಸಮಯದಲ್ಲಿ ಮಾತ್ರ ಹಾಡುವಂಥವು. ಒಪ್ಪಿಗೆ ಪತ್ರ ಯಾವುದಕ್ಕೂ ಇಲ್ಲ. ಇವನ್ನೂ ವ್ಯವಸ್ಥೆಗೆ ಹಾಕಬಹುದಾ?

---

ಒಬ್ಬರೇ_ಆರ್ಕೈವಿಸ್ಟ್:

ಕಾಯಲು ಹಾಕಿ, ತೋರಿಸಲು ಹಾಕಬೇಡಿ. ಎರಡನ್ನೂ ಬೇರೆ ಇಡಬಹುದು ಅನ್ನುವುದೇ ಇಂಥ ವ್ಯವಸ್ಥೆಯ ದೊಡ್ಡ ಅನುಕೂಲ. ಕಾಯುವ ಪೊಟ್ಟಣ ಮಾಡಿ, ಓದುಗರ ಪೊಟ್ಟಣ ಸದ್ಯಕ್ಕೆ ಮಾಡಲೇಬೇಡಿ. ಹಕ್ಕುಗಳ ವಿವರದಲ್ಲಿ ಒಪ್ಪಿಗೆ ಸಿಕ್ಕಿಲ್ಲ, ವಿಭಾಗದೊಳಗೆ ಮಾತ್ರ ಕೇಳಬಹುದು ಅಂತ ಬರೆಯಿರಿ. ಆರ್ಕೈವ್‌ಮ್ಯಾಟಿಕಾದಲ್ಲಿ ಇದಕ್ಕೆ ಪ್ರೀಮಿಸ್ (ಸಂರಕ್ಷಣಾ ಮೆಟಾಡೇಟಾದ ಮಾನದಂಡ) ಹಕ್ಕುಗಳ ನಮೂನೆಯೇ ಇದೆ. ಬ್ಯಾಗರ್ ಆದರೆ ಬ್ಯಾಗ್ ಮಾಹಿತಿಯಲ್ಲಿ ಒಂದು ಸಾಲು.

ಆಮೇಲೆ ಹಾಡಿದವರ ಊರಿಗೆ ಹೋಗಿ. ಅವರು ಇಲ್ಲದಿದ್ದರೆ ಮಕ್ಕಳು, ಶಿಷ್ಯರು ಇರುತ್ತಾರೆ. ಮೊದಲು ಹಾಡು ಕೇಳಿಸಿ, ಒಂದು ಪ್ರತಿ ಅವರಿಗೆ ಕೊಡಿ, ಆಮೇಲೆ ಒಪ್ಪಿಗೆ ಕೇಳಿ. ಯಾವುದನ್ನು ಹೊರಗೆ ಬಿಡಬಹುದು, ಯಾವುದು ಬೇಡ ಅನ್ನುವುದನ್ನು ಅವರು ಹೇಳಲಿ, ನೀವು ಕ್ಯಾಸೆಟ್ ಸಂಖ್ಯೆಯ ಎದುರಿಗೆ ಹಾಗೇ ಬರೆದುಕೊಳ್ಳಿ. ಕ್ಯಾಸೆಟ್ ಪೆಟ್ಟಿಗೆಯ ಮೇಲೆ ಬರೀ ಸಂಗ್ರಹಕಾರರ ಹೆಸರಿದ್ದರೆ ಹಾಡಿದವರ ಪೂರ್ತಿ ಹೆಸರನ್ನು ಈ ಸಲವಾದರೂ ಕೇಳಿ ಮೆಟಾಡೇಟಾಕ್ಕೆ ಸೇರಿಸಿ.